ಕಿವಿ ಮುಟ್ಟದ ಯಂತ್ರಕ್ಕೆ ದುಡ್ಡು ಹಾಕಿದ ಸಾಹುಕಾರರಿಗೆ

ಬುದ್ಧಿವಂತ ಯಂತ್ರಗಳಿಗೆ ಬಂಡವಾಳ ಹಾಕುವ, ಅವುಗಳ ಬುದ್ಧಿ ಬಯಲಾಗುವ ಮೊದಲೇ ಆ ಬಂಡವಾಳ ತೆಗೆಯುವ, ಕಂಪ್ಲಿಯ ರೈಸ್ ಮಿಲ್ ಮಾಲೀಕರಾದ ನಾಗೇಂದ್ರಪ್ಪ ಸಾಹುಕಾರರ ಸನ್ನಿಧಾನಕ್ಕೆ, ಅದೇ ಊರಿನ ಕಾಲುವೆ ಓಣಿಯ ಉಚ್ಚೆಂಗಮ್ಮ ತಲೆಬಾಗಿ ಮಾಡುವ ಶರಣು ಶರಣಾರ್ಥಿ.

ಮಾನ್ಯರೇ,

ತಾವು ಕ್ಷೇಮವೆಂದು ಬಲ್ಲೆ. ತಮ್ಮ ಹೊಟ್ಟೆ ತಮಗಿಂತ ಮೊದಲೇ ಹೊಸ್ತಿಲು ದಾಟಿ ಬಂದು ಊರಿಗೆಲ್ಲ ಆ ಸುದ್ದಿ ಹೇಳುತ್ತದೆ. ನಮ್ಮ ಕ್ಷೇಮದ ಮಾತು ಬೇರೆ. ನನ್ನ ಮೊಮ್ಮಗಳು ಹೊಳೆಮ್ಮನ ಮದುವೆ ತಮ್ಮ ಯಂತ್ರದ ದೆಸೆಯಿಂದ ನಿಂತುಹೋಗಿದೆ. ಅದಕ್ಕೇ, ಎರಡನೇ ಇಯತ್ತೆಗೆ ಬಿಟ್ಟ ಅಕ್ಷರಗಳನ್ನು ಮತ್ತೆ ಒಂದೊಂದಾಗಿ ಹಿಡಿದು ತಂದು, ನಾಲ್ಕು ಮಂದಿ ಓದಲೆಂದು ಬಹಿರಂಗವಾಗಿಯೇ ಬರೆಯುತ್ತಿದ್ದೇನೆ.

ಮೊದಲು ತಮ್ಮ ಸಾಧನೆಗೆ ಕೈಮುಗಿಯಬೇಕು. ಕಾಲುವೆ ನೀರು ಬಂದು ಎಲ್ಲರ ಗದ್ದೆಯಲ್ಲೂ ಭತ್ತ ತೂಗಿದಾಗ ಬೇರೆ ಸಾಹುಕಾರರು ಎರಡನೇ ಮಿಲ್ಲು ಕಟ್ಟಿದರು, ಟಾಕೀಸು ಕಟ್ಟಿದರು. ತಾವೊಬ್ಬರೇ ಇಂಜಿನಿಯರಿಂಗ್ ಓದಿ ಬಂದವರನ್ನು ಪಡಸಾಲೆಯಲ್ಲಿ ಕೂಡಿಸಿಕೊಂಡು, ಅವರು ಮಾಡುವ ‘ಯೋಚನೆ ಮಾಡುವ ಯಂತ್ರ’ಗಳಿಗೆ ದುಡ್ಡು ಸುರಿದು ಅರ್ಧ ಪಾಲು ಇಟ್ಟುಕೊಳ್ಳುವ ಹೊಸ ಕಸುಬು ಹಿಡಿದಿರಿ. ಗದ್ದೆ ತುಂಬಿದ ಕೂಡಲೇ ತಾನೇ ತಿಳಿದು ನಿಲ್ಲುವ ಪಂಪು ತಮ್ಮ ಚೊಚ್ಚಲು. ಗದ್ದೆ ತುಂಬಿತೆಂದು ಅದಕ್ಕೆ ಹೊಳೆಯುವಷ್ಟರಲ್ಲಿ ಪಕ್ಕದ ಮೂಕಪ್ಪನ ಅಡುಗೆಮನೆ ತುಂಬಿತ್ತು, ಆದರೆ ಅಷ್ಟು ಹೊತ್ತಿಗೆ ತಮ್ಮ ಪಾಲು ಗಂಗಾವತಿಯವರೊಬ್ಬರಿಗೆ ಮಾರಾಟವಾಗಿತ್ತು. ಆಮೇಲೆ ಭತ್ತದ ಧಾರಣೆಯನ್ನು ಮುಂಚಿತವಾಗಿ ನುಡಿಯುವ ಪೆಟ್ಟಿಗೆ ಬಂತು. ಅದು ನಿನ್ನೆಯ ಧಾರಣೆಯನ್ನು ಮಾತ್ರ ಬಲು ಧೈರ್ಯದಿಂದ ನುಡಿಯುತ್ತಿತ್ತು. ತಮ್ಮಿಂದ ಅದನ್ನು ಕೊಂಡ ಮಲಪನಗುಡಿಯ ವ್ಯಾಪಾರಿಯ ಮನೆಯವರು ಈಗ ಅದರ ಬೆನ್ನ ಮೇಲೆ ಹಪ್ಪಳ ಒಣಗಿಸುತ್ತಾರೆ. ಲೋಕದವರು ಎತ್ತು ಕೊಳ್ಳುವಾಗ ಎತ್ತಿನ ಹಲ್ಲು ಎಣಿಸುತ್ತಾರೆ. ತಾವು ಮಾರುವಾಗ ಕೊಳ್ಳುವವನ ಹಲ್ಲು ಎಣಿಸುವಿರಿ. ಇಂಥ ವಿದ್ಯೆ ಯಾವ ಶಾಲೆಯಲ್ಲೂ ಕಲಿಸುವುದಿಲ್ಲ, ಶಾಲೆಯಲ್ಲಿ ತಮ್ಮ ಜೊತೆ ಕೂತಿದ್ದವಳು ನಾನು, ನನಗೆ ಗೊತ್ತು.

ಈಗ ಹೊಸಪೇಟೆ ಬಸ್ ಸ್ಟ್ಯಾಂಡಿನ ಎದುರು ತಾವು ಇಡಿಸಿರುವ ಜಾತಕ ಕೂಡಿಸುವ ಕಂಪ್ಯೂಟರಿನ ವಿಚಾರ. ದರೋಜಿಯ ತಾಯಪ್ಪ ತನ್ನ ಮಗ ಓಬಳೇಶನನ್ನು ಕರೆದುಕೊಂಡು ಹೆಣ್ಣು ನೋಡಲು ಬಂದ ದಿನ, ಹೊಳೆಮ್ಮ ಚಹಾಕ್ಕೆ ಎರಡೆರಡು ಸಲ ಸಕ್ಕರೆ ಹಾಕಿದ್ದರಿಂದ ಅವಳು ಒಪ್ಪಿದ್ದಾಳೆಂದು ನಮಗೆ ತಿಳಿಯಿತು. ಆ ಪಾನಕವನ್ನು ಮುಖ ಕಿವುಚದೆ ಕುಡಿದದ್ದರಿಂದ ಹುಡುಗನೂ ಒಪ್ಪಿದ್ದಾನೆಂದು ತಿಳಿಯಿತು. ಊರಮ್ಮನಲ್ಲಿ ಹೂ ಕೇಳಿದೆವು, ತಾಯಿ ಬಲಗಡೆಯೇ ಕೊಟ್ಟಳು. ಇನ್ನೇನು ವೀಳ್ಯ ಹಿಡಿಯಬೇಕು, ಅಷ್ಟರಲ್ಲಿ ತಾಯಪ್ಪ, “ಎಲ್ಲಾ ಚಲೋ ಐತ್ರಿ ಯಮ್ಮಾ, ಆದ್ರ ಈಗ ಮಂದಿ ಮಿಷನ್ನಿಗೆ ತೋರಿಸ್ತಾರ, ನಾವೂ ಒಂದು ಸಲ ತೋರಿಸಿಬಿಡೂಣು” ಎಂದ.

ತಮ್ಮ ಯಂತ್ರಕ್ಕೆ ಹುಟ್ಟಿದ ತಾರೀಖು ಬೇಕಂತೆ. ನಮ್ಮ ಕಡೆ ತಾರೀಖಿನಲ್ಲಿ ಯಾರು ಹುಟ್ಟುತ್ತಾರೆ, ಮಾನ್ಯರೇ? ಯಾರೋ ಭತ್ತದ ನಾಟಿಯಲ್ಲಿ ಹುಟ್ಟುತ್ತಾರೆ, ಯಾರೋ ಕಾಲುವೆ ಒಡೆದ ವರ್ಷ ಹುಟ್ಟುತ್ತಾರೆ. ತಾರೀಖು ಹಾಕುವವರು ಶಾಲೆಯ ಮಾಸ್ತರರು: ಮಗು ಬಲಗೈಯನ್ನು ತಲೆಯ ಮೇಲಿಂದ ತಂದು ಎಡಗಿವಿ ಮುಟ್ಟಿದರೆ ಆರು ತುಂಬಿತು, ಹುಟ್ಟಿದ್ದು ಜೂನ್ ಒಂದು. ನಮ್ಮ ಹೊಳೆಮ್ಮನ ತೋಳು ಉದ್ದ, ಐದಕ್ಕೇ ಕಿವಿ ಮುಟ್ಟಿದಳು. ಓಬಳೇಶ ಅವಳಿಗಿಂತ ಮೂರು ವರ್ಷ ದೊಡ್ಡವನಾದರೂ ಮೋಟು ತೋಳಿನವನು, ಕಿವಿ ಹುಡುಕುವುದರಲ್ಲೇ ಬಾಲ್ಯ ಕಳೆದು ಅವಳು ಸೇರಿದ ವರ್ಷವೇ ದರೋಜಿ ಶಾಲೆ ಸೇರಿದ. ಕಾಗದದ ಮೇಲೆ ಇಬ್ಬರೂ ಒಂದೇ ದಿನ ಹುಟ್ಟಿದರು. ಹುಟ್ಟಿದ ವೇಳೆ ಕಾಗದದಲ್ಲಿ ಇರಲಿಲ್ಲವಾದ್ದರಿಂದ ತಮ್ಮ ಅಂಗಡಿಯ ಟೈ ಕಟ್ಟಿದ ಮಹಾನುಭಾವ ಇಬ್ಬರಿಗೂ ಬೆಳಗಿನ ಹತ್ತು ಗಂಟೆ ಎಂದು ಒತ್ತಿದ. ಯಂತ್ರ ಗರಗರ ಎಂದು ಯೋಚಿಸಿ, ಇಬ್ಬರದೂ ಒಂದೇ ನಕ್ಷತ್ರ, ಒಂದೇ ನಾಡಿ, ಕೂಡಿದರೆ ಸಂತಾನವಿಲ್ಲ ಎಂದು ಅಚ್ಚು ಹಾಕಿ ಕೊಟ್ಟಿತು.

ತಾಯಪ್ಪನಿಗೆ ನಾನು ಎಷ್ಟು ಹೇಳಿದರೂ, “ಮನುಷ್ಯರಾದ್ರ ಸುಳ್ಳು ಹೇಳ್ತಾರ. ಮಿಷನ್ನಿಗೇನು ನಮ್ಮ ಮ್ಯಾಲ ಸಿಟ್ಟೈತೇನ್ರಿ ಯಮ್ಮಾ?” ಎಂದು ಬಸ್ಸು ಹತ್ತಿದ. ಹೊಳೆಮ್ಮ ಅಂದಿನಿಂದ ಹೊಲಿಗೆ ಮಿಷನ್ನಿನ ಮುಂದೆ ಕೂತು ದಾರವಿಲ್ಲದೆ ತುಳಿಯುತ್ತಾಳೆ. “ಅಜ್ಜಿ, ನನ್ನ ಕೈ ಯಾಕರ ಕಿವಿಗೆ ಮುಟ್ಟಿತೋ” ಎನ್ನುತ್ತಾಳೆ. ಈ ಮಾತಿಗೆ ಉತ್ತರ ತಮ್ಮ ಯಂತ್ರದಲ್ಲಿದ್ದರೆ ಅಚ್ಚು ಹಾಕಿಸಿ ಕಳಿಸಿ.

ನಾನು ಸುಮ್ಮನೆ ಕೂಡುವ ಪೈಕಿ ಅಲ್ಲ ಎಂಬುದು ತಮಗೆ ಬಾಲ್ಯದಿಂದಲೂ ಗೊತ್ತು. ನೆನಪಿರಬೇಕು, ತಾವು, ತಮ್ಮ ಸೋದರಮಾವನ ಮಗಳು ಚೆನ್ನಬಸಮ್ಮ, ನಾನು, ಮೂವರೂ ಒಂದೇ ದಿನ ಒಬ್ಬರೇ ಮಾಸ್ತರರ ಮುಂದೆ ಕೈ ಎತ್ತಿ ನಿಂತವರು. ನಮಗಿಬ್ಬರಿಗೂ ಕಿವಿ ಸಿಕ್ಕಿತು. ತಮಗೆ ಸಿಗಲಿಲ್ಲ, ತಮ್ಮ ತಂದೆಯವರು ತಂದಿದ್ದ ಅಕ್ಕಿ ಚೀಲವನ್ನು ಕಂಡ ಮಾಸ್ತರರು ಬಾಲಕ ನಾಗೇಂದ್ರಪ್ಪನವರ ತಲೆಯನ್ನೇ ಹಿಡಿದು ಒಂದಿಷ್ಟು ಕೈಯ ಕಡೆ ಬಗ್ಗಿಸಿದರು. ಅಂದೇ ಮೂವರಿಗೂ ಜೂನ್ ಒಂದು ಬಿತ್ತು. ಮುಂದೆ ತಾವು ಚೆನ್ನಬಸಮ್ಮನನ್ನೇ ಮದುವೆಯಾದಿರಿ. ಹೀಗಿರಲಾಗಿ ನಾನು ಹೊಸಪೇಟೆಗೆ ಹೋಗಿ, ಹೆಸರು ಹೇಳದೆ, ತಮ್ಮ ತಾರೀಖನ್ನೂ ತಮ್ಮ ಮನೆಯಾಕೆಯ ತಾರೀಖನ್ನೂ ತಮ್ಮ ಯಂತ್ರಕ್ಕೇ ಕೊಡಿಸಿದೆ. ಅದು ಒಂದು ಗಳಿಗೆಯೂ ಅನುಮಾನಿಸದೆ, ಒಂದೇ ನಾಡಿ, ಸಂತಾನವಿಲ್ಲ, ಈ ಸಂಬಂಧ ಬೇಡ ಎಂದಿತು.

ಆದ್ದರಿಂದ ಮೊದಲ ವಿನಂತಿ: ತಮಗಿರುವ ಆರು ಮಕ್ಕಳನ್ನು ದಯಮಾಡಿ ಇಲ್ಲವೆಂದು ಡಂಗುರ ಸಾರಿಸಬೇಕು, ಇಲ್ಲದಿದ್ದರೆ ಯಂತ್ರದ ಮರ್ಯಾದೆ ಹೋಗುತ್ತದೆ. ತಾವೂ ನಾನೂ ಒಂದೇ ಜಾತಕದವರಾದ್ದರಿಂದ, ತಮಗೆ ಮಿಲ್ಲು ನನಗೆ ರೊಟ್ಟಿ ಹಂಚು ಎಂದು ಹಂಚಿಕೆ ಮಾಡಿದ ಗ್ರಹ ಯಾವುದೆಂದು ವಿಚಾರಿಸಿ, ಅದು ತಪ್ಪನ್ನು ತಿದ್ದಿಕೊಳ್ಳುವವರೆಗೆ ಮಿಲ್ಲಿನ ಗಲ್ಲಾದ ಮೇಲೆ ನಾನು, ಹಂಚಿನ ಮುಂದೆ ತಾವು ಕೂಡುವ ಏರ್ಪಾಡು ಆಗಲಿ. ಇದ್ಯಾವುದೂ ಆಗದಿದ್ದರೆ ಯಂತ್ರವನ್ನು ನಮ್ಮ ಹಳೆಯ ಶಾಲೆಯ ಮುಂದೆ ತಂದು ನಿಲ್ಲಿಸಿ. ಬಲಗೈಯನ್ನು ತಲೆಯ ಮೇಲಿಂದ ತಂದು ಅದು ಎಡಗಿವಿ ಮುಟ್ಟಲಿ. ಮುಟ್ಟದಿದ್ದರೆ ಅದಕ್ಕಿನ್ನೂ ಆರು ತುಂಬಿಲ್ಲ, ಮದುವೆಯ ಮಾತಿನಲ್ಲಿ ಬಾಯಿ ಹಾಕುವ ವಯಸ್ಸಲ್ಲ.

ತಮ್ಮ ದಾಂಪತ್ಯದ ಆ ಅಚ್ಚಿನ ಕಾಗದವನ್ನು, ಅದು ಯಾರದೆಂದು ಬಾಯಲ್ಲಿ ಹೇಳಿಸಿ, ತಾಯಪ್ಪನಿಗೆ ಕಳಿಸಿದ್ದೇನೆ. ಇನ್ನೊಂದು ಪ್ರತಿಯನ್ನು, ಈ ಸಲ ತಮ್ಮಿಬ್ಬರ ಹೆಸರು ಸೇರಿಸಿ, ತಮ್ಮ ಮಿಲ್ಲಿನ ಎದುರಿನ ಚಹಾದಂಗಡಿಯ ಗೋಡೆಗೆ ಅಂಟಿಸಿದ್ದೇನೆ.

ತಮ್ಮ ವಿಶ್ವಾಸಿ, ತಮ್ಮದೇ ಜಾತಕದ
ಉಚ್ಚೆಂಗಮ್ಮ

ಮರೆತ ಮಾತು: ಪತ್ರ ಮಡಿಸುವಷ್ಟರಲ್ಲಿ ತಾಯಪ್ಪ ಬಂದ. ಕಾಗದ ಹಿಡಿದುಕೊಂಡು ಕಣ್ಣಲ್ಲಿ ನೀರು ಬರುವಂತೆ ನಕ್ಕ. “ಸಾವ್ಕಾರ್ರಿಗೆ ಇರೋ ದೋಷ ನಮ್ಮ ಹುಡುಗಗೂ ಇರಲಿ ಬಿಡ್ರಿ ಯಮ್ಮಾ” ಎಂದು ಸೋಮವಾರಕ್ಕೆ ವೀಳ್ಯ ಹಿಡಿಯಲು ಒಪ್ಪಿ ಹೋದ. ಹೊಳೆಮ್ಮ ಮಿಷನ್ನಿಗೆ ದಾರ ಹಾಕಿದ್ದಾಳೆ. ಈ ಜಾತಕದ ಯಂತ್ರದಲ್ಲಿ ತಮ್ಮ ಪಾಲು ಕೊಳ್ಳಲು ಸಂಡೂರಿನಿಂದ ಬಂದಿದ್ದ ದೊಡ್ಡ ಮನುಷ್ಯರು ಮಾತ್ರ ಚಹಾ ಕುಡಿಯುತ್ತ ಗೋಡೆಯ ಕಾಗದ ಓದಿ, ಅರ್ಧ ಕಪ್ಪು ಬಿಟ್ಟು, ಬಂದ ಬಸ್ಸಿಗೇ ತಿರುಗಿ ಹತ್ತಿದರಂತೆ. ಒಂದು ಯಂತ್ರವಾದರೂ ತಮ್ಮ ಪಾಲಿಗೇ ಉಳಿದದ್ದು ನಮಗೆಲ್ಲ ಸಂತೋಷ. ಮದುವೆಗೆ ಆರೂ ಮಕ್ಕಳೊಂದಿಗೆ ಬನ್ನಿ. ಯಂತ್ರವನ್ನು ನಾಲ್ಕು ದಿನ ಮುಂಚೆಯೇ ಕಳಿಸಿಕೊಡಿ, ಹಪ್ಪಳ ಭಾಳ ಒಣಗಿಸುವುದಿದೆ.