ಮಂತ್ರ ಕೆಲಸ ಮಾಡದ ಕಾದಂಬರಿ

ಲೈಬ್ರರಿಯಿಂದ ತಂದ ಕಾದಂಬರಿಯನ್ನು "ಇದರಾಗಿರೋ ಮಂತ್ರ ಕೆಲ್ಸ ಮಾಡಲ್ಲ, ಬೇರೆ ಕೊಡಪ್ಪ" ಎಂದು ವಾಪಸು ಕೊಟ್ಟವರು ಇಡೀ ಮಧುಗಿರಿ ತಾಲ್ಲೂಕಿನಲ್ಲಿ ಯಾರಾದರೂ ಇದ್ದರೆ ಅದು ನಮ್ಮ ಸೋದರತ್ತೆಯೇ! ಲೈಬ್ರರಿಯವರು ಪಾಪ, "ಅಮ್ಮಾ, ಇದು ಮಿಕ್ಸಿ ಅಂಗಡಿ ಅಲ್ಲ" ಎಂದರಂತೆ. ಅತ್ತೆ ಕೇಳಬೇಕಲ್ಲ!

ಅವರಿಗೆ ಎಲ್ಲ ಕಾದಂಬರಿಯೂ ಆಗುವುದಿಲ್ಲ. ಪ್ರೇಮದ್ದು ಬೇಡ, ಕೊಲೆಯದ್ದು ಬೇಡ. ಕತೆಯಲ್ಲಿ ಒಬ್ಬ ಚಿತ್ರಗಾರ, ಒಂದು ಹಳೇ ಪುಸ್ತಕ, ಒಂಚೂರು ಮಾಯಾಮಂತ್ರ ಇರಲೇಬೇಕು. ಕಾರಣ ಮುಚ್ಚಿಡುವುದೇನು? ನಮ್ಮ ಮಾವ ಕೊಡಿಗೇನಹಳ್ಳಿಯ ಪೇಂಟರು. ಅಂಗಡಿಗಳ ಬೋರ್ಡು, ಲಾರಿಗಳ ಹಿಂದಿನ ಹುಲಿ, ಎಲ್ಲ ಅವರ ಕೈಯವೇ. ಹೋದ ವರ್ಷ ಲಕ್ವ ಹೊಡೆದು ಬಲಗೈ ಸೋತಿತು. ಎಡಗೈಯಲ್ಲಾದರೂ ಬರೆಯಿರಿ ಎಂದು ಡಾಕ್ಟರು ಹೇಳಿದರೂ ಮಾವ ಬ್ರಶ್ಶು ಮುಟ್ಟಲಿಲ್ಲ. ಮುಟ್ಟಿಸಿಯೇ ಸಿದ್ಧ ಎಂಬುದು ಅತ್ತೆಯ ಹಟ. ದಿನಾ ಮುದ್ದೆ ಉಂಡಾದ ಮೇಲೆ ಮಾವನ ಎದುರು ಕೂತು ಗಟ್ಟಿಯಾಗಿ ಓದುತ್ತಾರೆ. ಓದಿದ್ದನ್ನು ಮಾಡಿಯೂ ನೋಡುತ್ತಾರೆ, ಫಜೀತಿ ಆಗುವುದು ಅಲ್ಲೇ.

ಒಂದು ಕಾದಂಬರಿಯಲ್ಲಿ ಗೋಡೆಯ ಚಿತ್ರಕ್ಕೆ ಊಟ ಇಟ್ಟರೆ ಅದಕ್ಕೆ ಜೀವ ಬಂದು, ಬರೆದವನ ಕೈಗೂ ಬಲ ಬರುತ್ತದಂತೆ. ಸರಿ, ಅತ್ತೆ ಬಿಸಿ ಮುದ್ದೆ ಹಿಡಿದು ಹಾಲಿನ ಡೈರಿಗೆ ಹೊರಟರು. ಅದರ ಗೋಡೆಯ ಮೇಲಿನ ಹಸು ಮಾವ ಬರೆದದ್ದು; ಅದರ ಮುಂದೆ ತಟ್ಟೆ ಇಟ್ಟು ಬಂದರು. ಸಂಜೆ ನನ್ನನ್ನೂ ಎಳೆದುಕೊಂಡು ಹೋಗಿ ನೋಡಿದರೆ ತಟ್ಟೆ ಖಾಲಿ.

"ತಿಂದ್ಬುಟ್ಟೈತೆ ನೋಡ್ಲಾ!"

"ಅತ್ತೆ, ಪಕ್ಕದಲ್ಲೇ ನಿಜವಾದ ಹಸು ಮೆಲುಕು ಹಾಕ್ತಾ ನಿಂತೈತಲ್ಲ?"

"ಇರ್ಲಿ ಬುಡು, ಅದ್ರ ನೆಂಟ್ರಿರ್ಬೇಕು."

ಇಂಥವರ ಜೊತೆ ವಾದ ಮಾಡಿ ಗೆದ್ದವರುಂಟೇ? ದಾರಿಯಲ್ಲಿ ಕೇಳಿಯೇಬಿಟ್ಟೆ, "ನಿಜವಾಗ್ಲೂ ಇದನ್ನೆಲ್ಲ ನಂಬ್ತೀಯಾ ಅತ್ತೆ?"

"ನಂಗೇನು ತಲೆ ಕೆಟ್ಟೈತಾ?" ಎಂದರು. ದನಿ ಸಣ್ಣದಾಯಿತು. "ಅವ್ರು ಇಂಗೆ ಗೋಡೆ ನೋಡ್ಕಂಡು ಕುಂತ್ರೆ ನಾನೇನು ಮಾಡ್ಲಿ ಹೇಳು. ಕತೆಯೊಳಗಾದ್ರೂ ಒಬ್ಬ ಬಣ್ಣ ಹಚ್ತಾ ಇರ್ಲಿ. ಇವ್ರ ಕಿವಿಗೆ ಬೀಳ್ಲಿ."

ಖಾಲಿ ತಟ್ಟೆಯನ್ನು ಅವರ ಕೈಯಿಂದ ತೆಗೆದುಕೊಂಡು ನಾನೇ ಹಿಡಿದುಕೊಂಡೆ.

ಕಳೆದ ಭಾನುವಾರ ಅವರ ಮನೆಗೆ ಹೋದಾಗ ಹೊಸ ಕಾದಂಬರಿ ನಡೆಯುತ್ತಿತ್ತು. ಅದರ ಚಿತ್ರಗಾರ ಸಂಜೆ ಬಿಸಿಲಿನ ಬಂಡೆಬೆಟ್ಟಕ್ಕೆ ನೀಲಿ ಬಣ್ಣ ಹಚ್ಚಿದನಂತೆ. ಮಾವ ಗೋಡೆ ಕಡೆಯಿಂದ ತಟ್ಟನೆ ತಿರುಗಿದರು.

"ಏನಂದೆ? ನೀಲಿನಾ? ಯಾವ ಸೀಮೆ ಪೇಂಟರು ಅವ್ನು? ನಮ್ಮ ಮಧುಗಿರಿ ಬೆಟ್ಟ ನೋಡಿಲ್ವಂತಾ? ಸಂಜೆ ಬಂಡೆಗೆ ಕಾವಿ ಹಚ್ಬೇಕು, ಮೇಲೆ ಒಂಚೂರು ಹಳದಿ. ತಗಂಬಾ ಇಲ್ಲಿ ಬ್ರಶ್ಶು."

ಚಾಚಿದ್ದು ಎಡಗೈ.

ಅತ್ತೆ ತಲೆಯೆತ್ತಲಿಲ್ಲ. ದಿನಾ ಪಕ್ಕದಲ್ಲೇ ಇಟ್ಟುಕೊಂಡಿರುತ್ತಿದ್ದ ಬ್ರಶ್ಶನ್ನು ಒಂದು ಕೈಯಿಂದ ಅವರ ಕಡೆ ಸರಿಸಿ, ಏನೂ ಆಗಿಲ್ಲವೆಂಬಂತೆ ಓದು ಮುಂದುವರಿಸಿದರು. ಸ್ವಲ್ಪ ಹೊತ್ತಾದ ಮೇಲೆ ನನಗೆ ಗೊತ್ತಾಯಿತು, ಓದಿದ ಸಾಲನ್ನೇ ಅವರು ಮತ್ತೆ ಮತ್ತೆ ಓದುತ್ತಿದ್ದಾರೆ. ಕಣ್ಣು ತುಂಬಿ, ಮುಂದಿನ ಅಕ್ಷರ ಕಾಣುತ್ತಿರಲಿಲ್ಲ.