ನೋವಿಲ್ಲ ಎಂದವನ ಮಾತ್ರೆ

ನೋವನ್ನು ತಡೆದುಕೊಳ್ಳುವುದು ಅಷ್ಟೇನೂ ಕಷ್ಟವಲ್ಲ, ನೋವಿದೆ ಎಂದು ಒಪ್ಪಿಕೊಳ್ಳುವುದು ಕಷ್ಟ. ಅದರಲ್ಲೂ ನೋಡಲು ಬಂದವರ ಎದುರು. ಹರ್ನಿಯಾ ಆಪರೇಷನ್ ಮುಗಿಸಿ ಜೋಗುಪಾಳ್ಯದ ಮನೆಗೆ ಹೊರಟಾಗ ಡಾಕ್ಟರು ಎರಡು ಬಗೆಯ ಮಾತ್ರೆ ಕೊಟ್ಟಿದ್ದರು. ಒಂದು, ಜ್ವರ ಬಂದಾಗ ನಾವೆಲ್ಲ ನುಂಗುವ ಹಳೆಯ ಪರಿಚಯದ್ದು. ಇನ್ನೊಂದು ಊತ ಇಳಿಸುವುದು. ಮಂಪರು ಹಿಡಿಸುವ ಬಲವಾದ ಔಷಧಿ ಬೇಡ, ಇವೆರಡೂ ಬೇರೆ ಬೇರೆ ದಾರಿಯಿಂದ ನೋವನ್ನು ಹಿಡಿಯುತ್ತವೆ, ಒಂದನ್ನು ಬಿಟ್ಟರೆ ಇನ್ನೊಂದರ ಕೈ ಸಾಲದು ಎಂದರು. ನೋವು ಬರಲಿ ಎಂದು ಕಾಯದೆ ಹೊತ್ತಿಗೆ ಸರಿಯಾಗಿ ನುಂಗಬೇಕು, ಎದ್ದು ಓಡಾಡಬೇಕು, ಓಡಾಡದಿದ್ದರೆ ಮತ್ತೆ ಆಸ್ಪತ್ರೆಗೇ ಬರಬೇಕಾದೀತು ಎಂದೂ ಹೆದರಿಸಿದರು. ನಾನು ತಲೆಯಾಡಿಸಿದೆ. ತಲೆಯಾಡಿಸುವುದರಲ್ಲಿ ನಾನು ಮೊದಲಿನಿಂದಲೂ ಗಟ್ಟಿಗ.

ಮೊದಮೊದಲು ನೋವೇ ಇರಲಿಲ್ಲ. ಅದು ಮಾತ್ರೆಯ ದಯೆ. ನಾನು ನನ್ನ ಗುಂಡಿಗೆಯ ಲೆಕ್ಕಕ್ಕೆ ಬರೆದುಕೊಂಡೆ. ಶಿವಾಜಿನಗರದಲ್ಲಿ ಮೂಸಂಬಿ ಕೊಂಡು ಬಂದ ಆಫೀಸಿನವರಿಗೆಲ್ಲ ಏನೂ ನೋವಿಲ್ಲ ಎಂದೆ. ಮಹಡಿ ಮನೆಯ ಸರೋಜಮ್ಮನವರಿಗೂ ಅದನ್ನೇ ಹೇಳಿದೆ. ನಮ್ಮಲ್ಲಿ ರೋಗಿಯನ್ನು ನೋಡಲು ಬಂದವರು ತಮ್ಮ ರೋಗ ಹೇಳಿಕೊಳ್ಳದೆ ಏಳುವುದಿಲ್ಲ. ಸರೋಜಮ್ಮ ತಮ್ಮ ಬಿಪಿ, ಮಂಡಿನೋವು ತೋಡಿಕೊಂಡರು. ನನ್ನ ಹೆಂಡತಿ ಗಿರಿಜಾ ಧಾರವಾಡದವಳು, ಮನೆಗೆ ಬಂದವರನ್ನು ಬರಿಗೈಯಲ್ಲಿ ಕಳಿಸಿ ಗೊತ್ತಿಲ್ಲ. ಅರಿಶಿನ ಕುಂಕುಮದ ಜೊತೆಗೆ ಊತದ ಮಾತ್ರೆಯ ಸ್ಟ್ರಿಪ್ಪನ್ನೂ ಕೊಟ್ಟು ಕಳಿಸಿದಳು.

ಮರುದಿನ ಮಧ್ಯಾಹ್ನ ಒಂದು ಸೀನು ಬಂತು. ಪ್ರಾಣ ಹೋಗಿ ಬಂದಂತಾಯಿತು. ಓಡಾಡುವುದಿರಲಿ, ಮಗ್ಗುಲು ಬದಲಿಸಲೂ ಭಯವಾಯಿತು. ಆ ಇನ್ನೊಂದು ಮಾತ್ರೆ ಎಲ್ಲಿ ಎಂದು ಕೇಳಿದೆ.

"ನೋವಿಲ್ಲ ಅಂತ ನೀವ ಎಲ್ಲಾರ ಮುಂದ ಹೇಳಿದ್ರಿ. ಮತ್ತ ಗುಳಿಗಿ ಯಾಕ?" ಎಂದಳು ಗಿರಿಜಾ.

ಹೊರಗೆ ಸರೋಜಮ್ಮ ಮೆಟ್ಟಿಲು ಹತ್ತಿ ಮನೆಗೆ ಹೋಗುವ ಸದ್ದು ಬಲು ಸರಾಗವಾಗಿ ಕೇಳುತ್ತಿತ್ತು. ಡಾಕ್ಟರಿಗೆ ಫೋನ್ ಮಾಡಿ ನಡೆದದ್ದು ಹೇಳಿದರೆ ಅವರು ನನ್ನನ್ನು ಬಿಟ್ಟು ಸರೋಜಮ್ಮನ ಚಿಂತೆಗೆ ಬಿದ್ದರು. ಬಿಪಿ ಇರುವವರಿಗೆ ಕೇಳದೆ ಅದನ್ನು ಕೊಡಲೇಬಾರದಂತೆ. ಗಿರಿಜಾ ಗಾಬರಿಯಿಂದ ಮೇಲಕ್ಕೆ ಓಡಿದಳು. ಉಳಿದ ಮಾತ್ರೆಗಳನ್ನು ಇಸಿದುಕೊಂಡು ಅವಳು ಇಳಿದು ಬರುವಷ್ಟರಲ್ಲಿ ನಮ್ಮ ಮ್ಯಾನೇಜರು ಬಂದು ಕುರ್ಚಿಯಲ್ಲಿ ಕೂತಿದ್ದರು. ಅವರಿಗಾಗಿ ಎದ್ದು ಕೂರಲು ಹೋಗಿ ನನ್ನ ಕಣ್ಣಲ್ಲಿ ನೀರು ತುಂಬಿತ್ತು. ತುಂಬಾ ನೋವಿದೆಯೇನ್ರೀ ಎಂದು ಅವರು ಮರುಕದಿಂದ ಕೇಳಿದರು.

"ಏನೂ ಇಲ್ಲ ಸರ್" ಎಂದೆ.

ಗಿರಿಜಾ ಒಂದು ಲೋಟ ನೀರು, ಎರಡೂ ಮಾತ್ರೆ ಹಿಡಿದು ಅವರ ಎದುರಿಗೇ ಬಂದು ನಿಂತಳು.

"ಬಾಯಿ ತಗೀರಿ" ಎಂದಳು.

ತೆಗೆದೆ.