ಡಬ್ಬಿ ಚೀಲ ಹೊತ್ತು ಕಕ್ಕೇರಾದವರೆಗೆ

ಊರೂರು ತಿರುಗಿ ಪ್ಲಾಸ್ಟಿಕ್ ಡಬ್ಬಿ ಮಾರುವವಳ ಬಾಳಿನಲ್ಲಿ ನೆಟ್ಟಗೆ ನಡೆದ ದಿನ ಅಂತ ಒಂದೂ ಇರುವುದಿಲ್ಲ. ಹೇಳಿದರೆ ಜನ ನಗುತ್ತಾರೆ. ನಕ್ಕವರಾದರೂ ಎರಡು ಡಬ್ಬಿ ಕೊಂಡಾರು ಅಂತ ಕಾದೆ, ಅದೂ ಆಗಲಿಲ್ಲ. ಅದಕ್ಕೇ ಬರೆದು ಹಾಕುತ್ತಿದ್ದೇನೆ.

ನನ್ನ ಕೆಲಸ ಹೀಗೆ. ಯಾರಾದರೂ ಒಬ್ಬ ಹೆಣ್ಣುಮಗಳು ತನ್ನ ಮನೆಗೆ ಓಣಿಯ ಹತ್ತು ಹದಿನೈದು ಹೆಂಗಸರನ್ನು ಕರೆಯಬೇಕು. ನಾನು ಹೋಗಿ ಜಮಖಾನೆಯ ಮೇಲೆ ಡಬ್ಬಿ ಹರವಿ, ಮುಚ್ಚಳ ತೆಗೆದು ಹಾಕಿ ತೋರಿಸಿ, ಆರ್ಡರ್ ಬರೆದುಕೊಳ್ಳಬೇಕು. ನಾನು ಏಳುವುದರೊಳಗೆ ಅವರಲ್ಲೇ ಒಬ್ಬರು "ಮುಂದಿನ ಸಲ ನಮ್ಮ ಮನಿಗಿ ಬರ್ರಿ" ಅನ್ನಬೇಕು. ಆ ಮುಂದಿನ ಮನೆ ಸಿಕ್ಕರೆ ದಂಧೆ ನಡೆಯಿತು, ಸಿಗದಿದ್ದರೆ ಅಲ್ಲಿಗೇ ನಿಂತಿತು.

ಯಾದಗಿರಿಯಲ್ಲಿ ನನಗೆ ಗೊತ್ತಿದ್ದ ಮನೆಗಳೆಲ್ಲ ಮುಗಿದವು. ನಮ್ಮ ಡಬ್ಬಿಗಳು ಒಡೆಯುವುದಿಲ್ಲ, ಅದೇ ದೊಡ್ಡ ತೊಂದರೆ. ಒಮ್ಮೆ ಕೊಂಡವಳು ಮತ್ತೆ ಈ ಕಡೆ ತಿರುಗಿಯೂ ನೋಡುವುದಿಲ್ಲ. ಕಲಬುರಗಿಯಲ್ಲಿ ಫ್ಯಾನಿನ ಕೆಳಗೆ ಕೂತ, ನಮ್ಮಂಥ ಮಾರುವವರ ಮೇಲಿನ ಲೀಡರಮ್ಮ ಫೋನಿನಲ್ಲಿ, "ದೂರದೂರಿಗಿ ಹೋಗ್ರಿ, ಅಲ್ಲಿ ಯಾರೂ ಇನ್ನೂ ಮುಟ್ಟಿಲ್ಲ" ಅಂದರು. ಹೈಸ್ಕೂಲಿನ ಗುಮಾಸ್ತರಾಗಿ ನಿವೃತ್ತರಾದ ನಮ್ಮ ಮನೆಯವರು ಪೇಪರಿನಿಂದ ತಲೆ ಎತ್ತದೆ, "ಐದು ತಾಸು ಬಸ್ಸಿನ್ಯಾಗ ಕುಂಡ್ರೂದು, ಎರಡು ತಾಸು ಡಬ್ಬಿ ತೋರ್ಸೂದು. ಇದ್ಯಾವ ಶಾಣ್ಯಾತನ?" ಅಂದರು.

ನನಗೆ ಐವತ್ತೆರಡು ವರ್ಷ. ಮೂವತ್ತು ವರ್ಷ ಒಲೆಯ ಮುಂದೆ ಕಳೆದ ಮೇಲೆ, ನನ್ನದು ಅಂತ ಸಿಕ್ಕ ಕೆಲಸ ಇದೊಂದೇ. ಚೀಲ ಹಿಡಿದು ಭೀಮಾ ಸೇತುವೆ ದಾಟಿದರೆ ನನಗೆ ಜೀವ ಬಂದಂತಾಗುತ್ತದೆ. ಅದನ್ನು ಇವರ ಮುಂದೆ ಹೇಳಿದರೆ ಅರ್ಥವಾಗುವುದಿಲ್ಲ ಅಂತ ಸಿಟ್ಟಿನಲ್ಲಿ ಮಾತು ಕೊಟ್ಟುಬಿಟ್ಟೆ: "ಮುಂದಿನ ಮನಿ ಸಿಗೂತನಕ ಹೋಗ್ತೀನಿ. ಎಲ್ಲಿ ಸಿಗಲಿಲ್ಲೋ ಅವತ್ತೇ ದೂರ ತಿರುಗೂದು ಬಿಡ್ತೀನಿ."

ಇವರು ಪೇಪರ್ ಮಡಚಿ ಪಕ್ಕಕ್ಕಿಟ್ಟರು. ಅಷ್ಟು ಖುಷಿಯಾಗಿತ್ತು.

ಚೀಲದ ಟಿಕೆಟ್

ಮೊದಲ ಮನೆ ಶಹಾಪುರದಲ್ಲಿ ಸಿಕ್ಕಿತು. ಹೆಂಗಸರಿಗೆ ಬಸ್ಸು ಬಿಟ್ಟಿ ಆದ ಮೇಲೆ ದೂರ ಹೋಗುವುದೇನು ಕಷ್ಟ ಅಂತ ನಾನು ಆಧಾರ್ ಕಾರ್ಡ್ ಕೈಯಲ್ಲಿ ಹಿಡಿದು ಜಂಬದಿಂದ ಕೂತಿದ್ದೆ. ಡಬ್ಬಿಯ ಎರಡು ಚೀಲ ನನ್ನ ಕಾಲ ಬಳಿ ಇದ್ದವು, ಮೂರನೆಯದು ಪಕ್ಕದ ಸೀಟಿನಲ್ಲಿ.

ಕಂಡಕ್ಟರ್ ಬಂದ. ನನಗೆ ಸೊನ್ನೆ ರೂಪಾಯಿಯ ಚೀಟಿ ಹರಿದು ಕೊಟ್ಟ. ಆಮೇಲೆ ಚೀಲಗಳನ್ನು ನೋಡಿ, "ಇವಕ್ಕ ಲಗೇಜ್ ಆಗ್ತದ್ರಿ" ಅಂದ.

"ಹೆಣ್ಣುಮಕ್ಕಳಿಗಿ ಫ್ರೀ ಅಲ್ಲೇನ್ರಿ?"

"ನಿಮಗ ಫ್ರೀ ಅಕ್ಕೋರೆ. ಚೀಲಕ್ಕಲ್ಲ."

"ಚೀಲ ಯಾರದ್ರಿ? ನಂದೇ. ಒಳಗಿರೂ ಸಾಮಾನು ಯಾರಿಗಿ? ಹೆಣ್ಣುಮಕ್ಕಳಿಗಿ. ಅಡಗಿಮನಿ ಡಬ್ಬಿ ಅವ. ಯಾವ ಗಂಡಸು ಮುಟ್ತಾನ ಇವನ್ನ?"

ಬಸ್ಸಿನಲ್ಲಿದ್ದ ಹೆಂಗಸರೆಲ್ಲ ನನ್ನ ಪಕ್ಷ ವಹಿಸಿದರು. "ಖರೇ ಅದ, ಖರೇ ಅದ" ಅಂದರು. ನಾನು ಇನ್ನೂ ಜೋರಾದೆ. ಕಂಡಕ್ಟರ್ ಎಲ್ಲರ ಮಾತು ತಾಳ್ಮೆಯಿಂದ ಕೇಳಿದ. ಕಡೆಗೆ ಪಕ್ಕದ ಸೀಟಿನ ಚೀಲದ ಕಡೆ ಬಗ್ಗಿ, ಬಹಳ ಗೌರವದಿಂದ ಅದನ್ನೇ ಕೇಳಿದ:

"ಆಧಾರ್ ಕಾರ್ಡ್ ತೋರ್ಸ್ರಿ ಬಾಯೋರೆ."

ಶಹಾಪುರದ ಹಿರಿಯಾಕಿ

ಶಹಾಪುರದ ಮನೆಯಲ್ಲಿ ಹೆಂಗಸರು ತುಂಬಿ ಕೂತಿದ್ದರು. ನಡುವೆ ಒಬ್ಬ ಹಿರಿಯಾಕಿ, ಇಳಕಲ್ ಸೀರೆ, ಮೂಗಿನಲ್ಲಿ ನತ್ತು. ಉಳಿದವರು ಹರಟೆಯಲ್ಲಿದ್ದರೆ ಈಕೆಯೊಬ್ಬಳು ಕಣ್ಣು ಮಿಟುಕಿಸದೆ ನೋಡುತ್ತಿದ್ದಳು. ಗಿರಾಕಿ ಅಂದರೆ ಹೀಗಿರಬೇಕು ಅಂದುಕೊಂಡೆ.

ಮನೆಯಾಕೆ, "ನೀವು ದಣದೀರಿ, ನಮ್ಮ ಹುಡುಗಿ ತೋರಿಸ್ತಾಳ" ಅಂತ ಮಗಳನ್ನು ನನ್ನ ಪಕ್ಕ ಕೂರಿಸಿದಳು. ಹುಡುಗಿ ಬೆವರುತ್ತ ಡಬ್ಬಿ ಎತ್ತಿದಳು.

"ಮುಚ್ಚಳ ತಗಿಯವ್ವಾ" ಅಂದಳು ಹಿರಿಯಾಕಿ. ಹುಡುಗಿ ತೆಗೆದಳು.

"ಹಾಕು." ಹಾಕಿದಳು.

"ಆ ದೊಡ್ಡದು ಎತ್ತು. ಅತ್ತಾಗ ಇಟ್ಟು ಬಾ, ನೋಡೂಣು." ಹುಡುಗಿ ಎದ್ದು ನಡೆದು, ಇಟ್ಟು ಬಂದಳು.

ನಾನು ನಡುನಡುವೆ ಬಾಯಿ ಹಾಕುತ್ತಲೇ ಇದ್ದೆ. "ಭಾಳ ಗಟ್ಟಿ ಅದ್ರಿ. ಬಿದ್ರೂ ಏನೂ ಆಗಲ್ಲ. ಬಿಸಿ ತಡೀತದ, ತಂಪು ತಡೀತದ. ಜೀವನಪೂರ್ತಿ ಗ್ಯಾರಂಟಿ." ನಾನು ಏನಂದರೂ ಹೆಂಗಸರು ಸೆರಗು ಬಾಯಿಗಿಟ್ಟು ನಗುತ್ತಿದ್ದರು. ಹುಡುಗಿಯ ಮುಖ ಕೆಂಪಾಗಿತ್ತು. ಇಂಥ ಚೆನ್ನಾದ ಗಿರಾಕಿಗಳು ಯಾದಗಿರಿಯಲ್ಲಿ ಯಾಕಿಲ್ಲ ಅಂತ ನಾನು ಮರುಗಿದೆ.

ಕಡೆಗೆ ಹಿರಿಯಾಕಿ ಮೊಣಕಾಲಿನ ಮೇಲೆ ಕೈಯೂರಿ, "ನಮಗ ಪಸಂದ್ ಆತ್ರಿ" ಅಂದಳು. ನಾನು ಚಕ್ಕನೆ ಪುಸ್ತಕ ಬಿಚ್ಚಿ ಪೆನ್ನು ಹಿಡಿದೆ.

"ಎಷ್ಟು ಬರಕೋಲ್ರಿ ಯವ್ವಾ?"

"ಒಂದೇ ಸಾಕ್ರಿ" ಅಂದಳು. "ನಮಗಿರಾಂವ ಒಬ್ಬನೇ ಮಗ."

ಸುರಪುರದ ಚಟ್ನಿ

ಡಬ್ಬಿ ಹೋಗದಿದ್ದರೂ ಮುಂದಿನ ಮನೆ ಸಿಕ್ಕಿತು. ಹಿರಿಯಾಕಿಯ ಊರು ಸುರಪುರ. "ನಿಮ್ಮ ಡಬ್ಬಿ ನೆವದಾಗ ನಮ್ಮ ಕೆಲಸ ಆತು, ನಮ್ಮ ಮನಿಗೂ ಬರ್ರಿ" ಅಂತ ಕರೆದಳು. ಇವರಿಗೆ ಹೇಳಿದಾಗ, "ಸುರಪುರನಾ? ಇನ್ನೂ ದೂರ ಆತಲ್ಲ!" ಅಂತ ಪೇಪರ್ ಮೇಲಕ್ಕೆತ್ತಿದರು.

ಅಲ್ಲಿ ಎಲ್ಲರೂ ಡಬ್ಬಿ ಮುಟ್ಟಿ ನೋಡಿದರು, ಯಾರೂ ಬರೆಸಲಿಲ್ಲ. ಲೀಡರಮ್ಮನಿಗೆ ಫೋನ್ ಮಾಡಿದೆ. "ಎಂಟು ದಿನ ಬಳಸಾಕ ಬಿಟ್ಟು ಬರ್ರಿ. ಬಳಸಿದವರು ವಾಪಸ್ ಕೊಡೂದೇ ಇಲ್ಲ" ಅಂದರು. ತೋರಿಸಲು ಒಯ್ದಿದ್ದ ಹನ್ನೊಂದು ಡಬ್ಬಿಗಳನ್ನೂ ಹನ್ನೊಂದು ಮನೆಗೆ ಹಂಚಿ ಬಂದೆ.

ಎಂಟು ದಿನಕ್ಕೆ ಮತ್ತೆ ಸುರಪುರ. ಹನ್ನೊಂದೂ ಡಬ್ಬಿ ವಾಪಸ್ ಬಂದವು. ಆದರೆ ಬರಿದಾಗಿ ಅಲ್ಲ. ಮನೆಗೆ ಬಂದ ಪಾತ್ರೆಯನ್ನು ಬರಿದಾಗಿ ತಿರುಗಿ ಕೊಡುವುದು ನಮ್ಮ ಕಡೆ ಅಪಚಾರ. ಒಂದರಲ್ಲಿ ಶೇಂಗಾ ಚಟ್ನಿ, ಒಂದರಲ್ಲಿ ಗುರೆಳ್ಳು ಪುಡಿ, ಒಂದರಲ್ಲಿ ಬೆಲ್ಲದ ಸಿಹಿ ಮಾದಲಿ, ಒಂದರಲ್ಲಿ ಮಾವಿನ ಉಪ್ಪಿನಕಾಯಿ. "ಡಬ್ಬಿ ಭಾಳ ಛಲೋ ಅದಾವ್ರಿ, ತಗೋರಿ" ಅಂತ ಪ್ರೀತಿಯಿಂದ ಕೈಗಿಟ್ಟರು. ಹೋಗುವಾಗ ಒಂದು ಕೈಯಲ್ಲಿ ಹಿಡಿದಿದ್ದ ಚೀಲವನ್ನು ಬರುವಾಗ ಇಬ್ಬರು ಸೇರಿ ಬಸ್ಸಿಗೆ ಹತ್ತಿಸಬೇಕಾಯಿತು.

ತಿಂಗಳಾದ ಮೇಲೆ ಚಟ್ನಿ ಕೊಟ್ಟವಳ ಫೋನು. "ಚಟ್ನಿ ಮುಗೀತೇನ್ರಿ ಅಕ್ಕೋರೆ?"

"ಮುಗೀತವ್ವಾ, ಭಾಳ ರುಚಿ ಇತ್ತು."

"ಹಂಗಾದ್ರ ಡಬ್ಬಿ ಯಾರ ಕೈಯಾಗಾದ್ರೂ ಕಳಸ್ರಿ."

"ಅದು ನನ್ನ ಡಬ್ಬಿ ಅಲ್ಲೇನವ್ವಾ!"

"ಹೌದಲ್ಲ! ಇರ್ಲಿ ಬಿಡ್ರಿ, ಚಟ್ನಿ ನಮ್ಮದಲ್ಲ? ಕಳಸ್ರಿ. ಕೆಂಭಾವ್ಯಾಗ ನಮ್ಮ ತಂಗಿ ಅದಾಳ, ಆಕಿ ಮನ್ಯಾಗ ನಿಮ್ಮ ಡಬ್ಬಿ ಇಡಸ್ತೀನಿ."

ಮುಂದಿನ ಮನೆಯ ಆಸೆಗೆ ಒಪ್ಪಿಕೊಂಡೆ. ಡಬ್ಬಿ ತೊಳೆದು, ಹಲ್ಲು ಕಚ್ಚಿಕೊಂಡು ಚೀಲಕ್ಕೆ ಹಾಕಲು ಹೋದೆ. ಮೂಲೆಯಿಂದ ಪೇಪರಿನ ಹಿಂದಿನ ದನಿ ಬಂತು:

"ಖಾಲಿ ಕಳಸಬ್ಯಾಡ ಮತ್ತ. ಛಂದ ಕಾಣಲ್ಲ."

ಕೆಂಭಾವಿಯ ಪ್ಯಾಂಟು

ಕೆಂಭಾವಿಯಲ್ಲಿ ಸಂತೆಯ ದಿನವೇ ನನ್ನ ಕಾರ್ಯಕ್ರಮ. ಹೆಂಗಸರು ಸಾಲಾಗಿ ಬಂದರು. ಪ್ರತಿಯೊಬ್ಬಳ ಕಂಕುಳಲ್ಲೂ ಒಂದು ಗಂಟು. ಬಿಚ್ಚಿದರೆ ಹಳೆ ಸೀರೆ, ಹರಿದ ಅಂಗಿ, ಒಬ್ಬಳ ಗಂಟಿನಲ್ಲಿ ವರ್ಷಗಟ್ಟಲೆ ಕೂಡಿಸಿಟ್ಟ ಉದುರಿದ ಕೂದಲು.

"ಇದೇನ್ರಿ ಇದು?"

"ಡಬ್ಬಿಗ್ರಿ" ಅಂದರು.

ಅವರ ಓಣಿಗೆ ಇಷ್ಟು ವರ್ಷ ಪ್ಲಾಸ್ಟಿಕ್ ಸಾಮಾನು ಬಂದದ್ದೆಲ್ಲ ಬೈಕಿನ ಮೇಲೆ ಹೇರಿಕೊಂಡು ಬರುವವನ ಕಡೆಯಿಂದ, ಹಳೆ ಬಟ್ಟೆಗೋ ಕೂದಲಿಗೋ ಬದಲಾಗಿ. ನಾನು ಎರಡು ತಾಸು ತಿಳಿಸಿ ಹೇಳಿದೆ. ನನ್ನ ಗಂಟಲು ಹೋಯಿತೇ ಹೊರತು ಅವರ ನಂಬಿಕೆ ಹೋಗಲಿಲ್ಲ. "ಡಬ್ಬಿ ಮಾರಾಕಿಗಿ ಕೂದಲಾ ಬ್ಯಾಡಂತ! ಎಂಥಾಕಿ ಬಂದಾಳವ್ವಾ" ಅಂತ ಒಬ್ಬಳು ಎದ್ದೇ ಹೋದಳು.

ಇನ್ನೊಬ್ಬಳು ಬುದ್ಧಿವಂತೆ. ಬಟ್ಟೆ ಹಳೆಯದಾದ್ದಕ್ಕೆ ನಾನು ಬೇಡ ಅನ್ನುತ್ತಿದ್ದೇನೆ ಅಂತ ಅವಳು ತಿಳಿದಳು. ಮನೆಗೆ ಓಡಿ ಹೋಗಿ ಇಸ್ತ್ರಿ ಮಾಡಿದ ಒಂದು ಪ್ಯಾಂಟು ತಂದು ನನ್ನ ತೊಡೆಯ ಮೇಲೆ ಇಟ್ಟಳು. "ಇದು ಹೊಸಾದ್ರಿ. ಒಮ್ಮೆನೂ ಹರದಿಲ್ಲ" ಅಂತ ನನಗೆ ಮಾತಾಡಲೂ ಬಿಡದೆ ದೊಡ್ಡ ಡಬ್ಬಿ ಎತ್ತಿಕೊಂಡು ನಡೆದೇಬಿಟ್ಟಳು.

ನಾನು ಪ್ಯಾಂಟು ಹಿಡಿದು ಅವಳ ಹಿಂದೆ ಬಾಗಿಲಿಗೆ ಓಡಿದೆ. ಎದುರಿಗೆ ಒಬ್ಬ ಮನುಷ್ಯ, ಮೇಲೆ ಟಕ್ ಮಾಡಲು ಸಿದ್ಧವಾದ ಬಿಳಿ ಅಂಗಿ, ಕೆಳಗೆ ಟವೆಲ್ಲು. ಎರಡೂ ಕೈಯಲ್ಲಿ ನನ್ನ ಡಬ್ಬಿ ಹಿಡಿದಿದ್ದ.

"ಅಕ್ಕೋರೆ" ಅಂದ, "ಡಬ್ಬಿ ತಗೋರಿ, ಪ್ಯಾಂಟ್ ಕೊಡ್ರಿ. ಹೆಣ್ಣು ನೋಡಾಕ ಹೊಂಟೀವಿ ನಮ್ಮ ತಮ್ಮಗ."

ಕಕ್ಕೇರಾ, ಅದರಾಚೆ ಹೊಳೆ

ಕೆಂಭಾವಿಗೆ ಬಂದಿದ್ದ ಕಕ್ಕೇರಾದ ಹೆಣ್ಣುಮಗಳೊಬ್ಬಳು ನನ್ನ ಪಾಡು ನೋಡಿ ಮರುಕದಿಂದ ಕರೆದಳು. ಮನೆಯವರು ನಕಾಶೆ ತೆಗೆದು ಬೆರಳಿಟ್ಟು ತೋರಿಸಿದರು. "ಇದರಾಚೆ ಕೃಷ್ಣಾ ಹೊಳಿ. ದಾಟಿದ್ರ ಜಿಲ್ಲಾನೇ ಮುಗೀತು." ಅವರ ಮುಖದಲ್ಲಿದ್ದ ತೃಪ್ತಿ ನನಗೆ ತಡೆಯಲಾಗಲಿಲ್ಲ.

ಕಕ್ಕೇರಾದಲ್ಲಿ ಎಲ್ಲ ಚೆನ್ನಾಗಿಯೇ ನಡೆಯಿತು. ಆರು ಡಬ್ಬಿ ಹೋದವು. ಕೂದಲು ಯಾರೂ ತರಲಿಲ್ಲ. ಕಡೆಗೆ, "ಮುಂದಿನ ಸಲ ಯಾರ ಮನ್ಯಾಗ್ರಿ?" ಅಂತ ಕೇಳಿದೆ.

"ಹ್ಯಾಂಗ ಕರೀಲ್ರಿ?" ಅಂದಳು ಮನೆಯಾಕೆ. "ಓಣಿ ಮಂದಿ ಎಲ್ಲಾ ಇಲ್ಲೇ ಕುಂತಾರ. ನಮ್ಮ ಬೀಗರೂ ಇವರೇ, ನೆಂಟರೂ ಇವರೇ. ಇನ್ನೊಂದು ಮನ್ಯಾಗ ಇಟ್ರ ಅಲ್ಲಿಗೂ ಇದೇ ಮಂದಿ ಬರ್ತಾರ."

ಸುಳ್ಳು ಯಾಕೆ, ಕಣ್ಣಲ್ಲಿ ನೀರೇ ಬಂತು. ಮನೆಯವರಿಗೆ ಕೊಟ್ಟ ಮಾತು, ನನ್ನ ಚೀಲ, ಬಸ್ಸು, ಎಲ್ಲ ಹೇಳಿಬಿಟ್ಟೆ. ಇದೇ ಕಡೆಯದು ಅಂದೆ. ಹೆಂಗಸರಿಗೂ ಕೆಡುಕೆನಿಸಿತು. ಉಡಿ ತುಂಬಿದರು. ಆಮೇಲೆ ಮನೆಯಾಕೆ ತೊಡೆ ತಟ್ಟಿ ಅಂದಳು, "ನೀವು ಬರೂದು ಬ್ಯಾಡ, ತಕಲೀಫ್ ತಗೊಳ್ಳೂದು ಬ್ಯಾಡ. ಯಾದಗಿರಿಗಿ ನಮ್ಮ ಮಂದಿ ಕೆಲಸಕ್ಕ ಬರ್ತಿರ್ತಾರ. ನಿಮ್ಮ ಮನೀಗೇ ಬರ್ತೀವಿ. ವಿಳಾಸ ಕೊಡ್ರಿ."

ಸಂತೋಷದಿಂದ ಕೊಟ್ಟೆ. ಮನೆ ಜಿಲ್ಲಾ ಕಚೇರಿಗೆ ಹತ್ತಿರ ಅಂದೆ. ನಮ್ಮವರು ಅರ್ಜಿ ಬರೆಯುವುದರಲ್ಲಿ ಗಟ್ಟಿಗರು ಅಂತಲೂ ಅಂದೆ. ಅದನ್ನು ಯಾಕಂದೆ ಅಂತ ದೇವರಿಗೇ ಗೊತ್ತು.

ಯಾದಗಿರಿ, ನಮ್ಮ ಮನೆ

ಮನೆಯವರು ಗೆದ್ದ ಸಂಭ್ರಮದಲ್ಲಿ ಡಬ್ಬಿ ಚೀಲವನ್ನು ತಾವೇ ಅಟ್ಟಕ್ಕೆ ಏರಿಸಿದರು. ಮುಂದಿನ ಸೋಮವಾರ ಬೆಳಿಗ್ಗೆ ಒಂದು ಕ್ರೂಸರ್ ಗಾಡಿ ಬಂದು ನಮ್ಮ ಬಾಗಿಲಲ್ಲಿ ನಿಂತಿತು. ಇಳಿದವರು ಹದಿನಾಲ್ಕು ಜನ. "ಡಬ್ಬಿ ನೋಡಾಕ ಬಂದೀವ್ರಿ" ಅಂದರು.

ಡಬ್ಬಿ ನೋಡಿದವರು ಐದು ಹೆಂಗಸರು. ಉಳಿದವರಲ್ಲಿ ಕಣ್ಣಿನ ಪೊರೆ ತೋರಿಸಲು ಬಂದ ಮುದುಕ, ಜಾತಿ ಪ್ರಮಾಣಪತ್ರಕ್ಕೆ ಬಂದ ಹುಡುಗಿ, ಅವಳ ಅಪ್ಪ, ಪಿಂಚಣಿ ನಿಂತುಹೋದ ಮುದುಕಿ. ಇವರಲ್ಲದೆ ಹೊಲದ ಬದುವಿಗಾಗಿ ಕೋರ್ಟು ಹತ್ತಿದ ಅಣ್ಣತಮ್ಮಂದಿರಿಬ್ಬರು. ಒಂದೇ ಗಾಡಿಯಲ್ಲಿ ಬಂದಿದ್ದರೂ ಅವರಿಬ್ಬರಿಗೆ ಮಾತಿಲ್ಲ. ಒಬ್ಬ ಪಡಸಾಲೆಯ ಆ ಮೂಲೆ, ಇನ್ನೊಬ್ಬ ಈ ಮೂಲೆ. ಮೊದಲು ಚಹಾ ಯಾರಿಗೆ ಕೊಟ್ಟರೂ ಇನ್ನೊಬ್ಬನಿಗೆ ಅವಮಾನ. ನಮ್ಮವರು ಎರಡು ಕೈಯಲ್ಲಿ ಎರಡು ಕಪ್ಪು ಹಿಡಿದು, ನಡುವೆ ನಿಂತು, ಎರಡೂ ಕೈ ಒಮ್ಮೆಲೇ ಚಾಚಿ ಕೊಟ್ಟರು. ಕೈ ಸಾಲಲಿಲ್ಲ. ಕಡೆಗೆ ಅವರಿಬ್ಬರೂ ಒಂದೊಂದು ಹೆಜ್ಜೆ ಮುಂದೆ ಬರಬೇಕಾಯಿತು.

ಆಮೇಲೆ ಮುದುಕಿ, "ಸಾಹೇಬ್ರ, ಜರಾ ನನ್ನ ಕಾಗದ ನೋಡ್ರಿ" ಅಂದಳು. ಮುದುಕನ ಚೀಟಿ ಮಾಡಿಸಲು ಆಸ್ಪತ್ರೆಯ ಸಾಲಿನಲ್ಲಿ ನಿಂತವರು ನಮ್ಮವರು. ಹುಡುಗಿಯ ಅರ್ಜಿ ಬರೆದವರು ನಮ್ಮವರು. ಮಧ್ಯಾಹ್ನ ನಾನು ಹದಿನಾಲ್ಕು ಜನಕ್ಕೆ ರೊಟ್ಟಿ ಬಡಿಯುವಾಗ ಹಾಲು ತರಲು ಮೂರನೇ ಸಲ ಓಡಿದವರೂ ನಮ್ಮವರೇ. ಪೇಪರ್ ಹಾಸಿಗೆಯಾಗಿ ಮುದುಕನ ಕೆಳಗಿತ್ತು.

ಎರಡನೇ ಸೋಮವಾರ ಕಕ್ಕೇರಾದವರ ಜೊತೆ ಕೆಂಭಾವಿಯವರೂ ಬಂದರು. ಮೂರನೇ ಸೋಮವಾರ ಸುರಪುರದವರು, ಚಟ್ನಿ ಸಮೇತ. ನಾಲ್ಕನೆಯದಕ್ಕೆ ಶಹಾಪುರದ ಹುಡುಗಿಯ ಮದುವೆಯ ಜವಳಿ ಕೊಳ್ಳಲು ಎರಡೂ ಕಡೆಯ ಬೀಗರು ನಮ್ಮಲ್ಲೇ ಇಳಿದರು. ಡಬ್ಬಿಗಳೂ ಹೋದವು, ಇಲ್ಲ ಅನ್ನಲಾರೆ. ನನ್ನ ಸೊಂಟವೂ ಹೋಯಿತು.

ಮರುದಿನ ಎದ್ದು ನೋಡುತ್ತೇನೆ, ಬಾಗಿಲ ಬಳಿ ಡಬ್ಬಿ ಚೀಲಗಳು ಸಾಲಾಗಿ ನಿಂತಿವೆ. ಒರೆಸಿ, ತುಂಬಿ, ಹಗ್ಗ ಕಟ್ಟಿ ಆಗಿದೆ. ಮನೆಯವರು ಚಪ್ಪಲಿ ಮೆಟ್ಟಿ ತಯಾರಾಗಿದ್ದರು.

"ಎಲ್ಲಿಗ್ರಿ?"

"ನೀ ಹೋಗು. ನೀ ಹೋದ್ರ ಅವರು ಬರೂದು ತಪ್ತದ."

"ಮುಂದಿನ ಮನಿ ಸಿಕ್ಕಿಲ್ಲಲ್ಲ? ನಾ ಮಾತು ಕೊಟ್ಟೀನಿ."

"ಕೊಟ್ಟ ಮಾತು ವಾಪಸ್ ತಗೋ."

"ಐದು ತಾಸು ಬಸ್ಸಿನ್ಯಾಗ..."

"ಹತ್ತು ತಾಸು ಕುಂಡ್ರು!" ಅಂದರು. ಮೂವತ್ತು ವರ್ಷದಲ್ಲಿ ಈ ಮನುಷ್ಯ ನನ್ನ ಮುಂದೆ ಕೈ ಮುಗಿದದ್ದು ಅದೇ ಮೊದಲು.

ಮೂರೂ ಚೀಲ ಅವರೇ ಹೊತ್ತರು. ಬಸ್ ನಿಲ್ದಾಣದಲ್ಲಿ ನನ್ನನ್ನು ಕಲ್ಲುಬೆಂಚಿನ ಮೇಲೆ ಕೂರಿಸಿ ವಿಚಾರಣೆಯ ಕಿಟಕಿಗೆ ಹೋದರು. ಕಕ್ಕೇರಾ ಬಸ್ಸು ಎಷ್ಟಕ್ಕೆ ಅಂತ ಕೇಳಿದರು. ಒಳಗಿದ್ದವನು ಒಂಬತ್ತೂವರೆ ಅಂದ. ಇವರು ಅಲ್ಲಿಂದ ಕದಲಲಿಲ್ಲ. ತಲೆಯನ್ನು ಕಿಟಕಿಯೊಳಗೆ ಪೂರ್ತಿ ತೂರಿಸಿ, ನನಗೆ ಕೇಳದಿರಲಿ ಅಂತ ದನಿ ತಗ್ಗಿಸಿ ಕೇಳಿದರು:

"ಅದಕ್ಕಿಂತ ದೂರ ಹೋಗೂದು ಯಾವುದಾರ ಅದ ಏನ್ರಿ?"